ಬೈದವರನ್ನು ಕ್ಷಮಿಸುವ ಕೀಲಿಕೈ ಯಾರ ಬಳಿ ಇರಬೇಕು?

ಕ್ರಿ.ಶ. 387ರಲ್ಲಿ ರೋಮನ್ ಸಾಮ್ರಾಜ್ಯದ ಆಂಟಿಯೋಕ್ ನಗರದ ಜನ ಹೊಸ ತೆರಿಗೆಯೊಂದರ ವಿರುದ್ಧ ಬೀದಿಗಿಳಿದರು. ಸಿಟ್ಟು ನೆತ್ತಿಗೇರಿದ ಗುಂಪು ಚಕ್ರವರ್ತಿ ಥಿಯೋಡೋಸಿಯಸ್‌ನ ಪ್ರತಿಮೆಗಳನ್ನೂ ತೀರಿಹೋಗಿದ್ದ ಅವನ ಹೆಂಡತಿಯ ಪ್ರತಿಮೆಗಳನ್ನೂ ಕಿತ್ತು ಎಳೆದಾಡಿತು. ಆ ಕಾಲದಲ್ಲಿ ಪ್ರತಿಮೆಗೆ ಬಿದ್ದ ಪೆಟ್ಟು ಚಕ್ರವರ್ತಿಯ ಮೈಮೇಲೆ ಬಿದ್ದ ಪೆಟ್ಟಿಗೆ ಸಮ. ಸ್ನಾನಗೃಹ, ರಂಗಮಂದಿರಗಳಿಗೆ ಬೀಗ ಬಿತ್ತು, ಪ್ರಾಂತದ ಮುಖ್ಯ ನಗರವೆಂಬ ಪದವಿ ಹೋಯಿತು, ವಿಚಾರಣೆಗೆ ಅಧಿಕಾರಿಗಳು ಬಂದಿಳಿದರು. ಬಿಷಪ್ ಫ್ಲೇವಿಯನ್ ಕಾನ್‌ಸ್ಟಾಂಟಿನೋಪಲ್‌ವರೆಗೆ ಹೋಗಿ ಬೇಡಿಕೊಂಡ ಮೇಲೆ ಚಕ್ರವರ್ತಿ ಇಡೀ ಊರನ್ನು ಕ್ಷಮಿಸಿದ.

ದೊರೆಯ ದಯೆಗೆ ದೊಡ್ಡ ಉದಾಹರಣೆ ಎಂದು ಈ ಪ್ರಸಂಗವನ್ನು ಹೇಳುವುದುಂಟು. ಅದರೊಳಗಿನ ಒಂದು ಸಂಗತಿ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಗಲಭೆಯ ಬೆನ್ನಿಗೇ ಸ್ಥಳೀಯ ಅಧಿಕಾರಿ ಹಲವರನ್ನು ಕೊಲ್ಲಿಸಿಬಿಟ್ಟಿದ್ದ. ಕ್ಷಮೆ ಊರು ತಲುಪಿದಾಗ ಅದನ್ನು ಪಡೆದುಕೊಳ್ಳಲು ಅವರು ಇರಲಿಲ್ಲ. ಮೂರು ವರ್ಷದ ನಂತರ, 390ರಲ್ಲಿ, ಥೆಸಲೋನಿಕದಲ್ಲಿ ಗುಂಪೊಂದು ಸೇನಾಧಿಕಾರಿಯನ್ನು ಕೊಂದಾಗ ಇದೇ ಥಿಯೋಡೋಸಿಯಸ್‌ನ ಸೈನಿಕರು ಸಾವಿರಾರು ಜನರನ್ನು ಕತ್ತರಿಸಿ ಹಾಕಿದರು. ಕ್ಷಮಿಸಿದವನೂ ಕೊಲ್ಲಿಸಿದವನೂ ಒಬ್ಬನೇ.

393ರಲ್ಲಿ ಅವನು ಒಂದು ಕಾನೂನು ಹೊರಡಿಸಿದ. ನಮ್ಮ ಹೆಸರನ್ನು ಯಾರಾದರೂ ನಿಂದಿಸಿದರೆ, ಹಗುರತನದಿಂದ ಆಡಿದ್ದಾದರೆ ಕಡೆಗಣಿಸಿ. ಬುದ್ಧಿ ಸ್ಥಿಮಿತವಿಲ್ಲದೆ ಆಡಿದ್ದಾದರೆ ಕನಿಕರ ತೋರಿ. ನೋಯಿಸಬೇಕೆಂದೇ ಆಡಿದ್ದಾದರೂ ಕ್ಷಮಿಸಿ. ಇಂದಿನ ಎಷ್ಟೋ ದೇಶಗಳ ಕಾನೂನಿಗಿಂತ ಇದು ಉದಾರ. ಅದರ ಕೊನೆಯಲ್ಲಿ ಇನ್ನೊಂದು ಆಜ್ಞೆ ಇತ್ತು: ನ್ಯಾಯಾಧಿಕಾರಿಗಳು ತಾವೇ ಶಿಕ್ಷಿಸದೆ ಪ್ರಕರಣವನ್ನು ಇದ್ದಂತೆಯೇ ನಮಗೆ ಕಳಿಸಬೇಕು, ಯಾರು ಆಡಿದ್ದೆಂದು ನೋಡಿ ನಾವು ತೀರ್ಮಾನಿಸುತ್ತೇವೆ. ಆಂಟಿಯೋಕ್‌ನಲ್ಲಿ ಆದಂಥ ಆತುರದ ಕೊಲೆಗಳಿಗೆ ಇದು ತಡೆ. ಆದರೆ ಅದೇ ಸಾಲು ಬೈಸಿಕೊಂಡವನನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಿತು.

ತಮ್ಮನ್ನು ಬಹಿರಂಗವಾಗಿ ಅವಮಾನಿಸಿದ ಪ್ರತಿಭಟನಾಕಾರರನ್ನು ನಾಯಕರು ಕ್ಷಮಿಸಬೇಕೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ಹೌದು. ಆದರೆ ಈ ಹೌದು ಎಂಬುದಷ್ಟೇ ಬಹಳ ದೂರ ಒಯ್ಯುವುದಿಲ್ಲ. ಆ ಕ್ಷಮೆ ಯಾರ ಮರ್ಜಿಯಲ್ಲಿದೆ, ಎಷ್ಟು ಬೇಗ ಬರುತ್ತದೆ, ಅದಕ್ಕೆ ಬೈದವನಿಂದ ಏನು ವಸೂಲಾಗುತ್ತದೆ ಎಂಬುದರ ಮೇಲೆ ಅದು ದಯೆಯೋ ಅಧಿಕಾರದ ಇನ್ನೊಂದು ಪ್ರದರ್ಶನವೋ ಎಂಬುದು ನಿಂತಿದೆ.

ದೂರು ಕೊಡುವ ಹಕ್ಕು ಯಾರಿಗೆ

ನಾಯಕರ ನಿಂದನೆಯನ್ನು ಅಪರಾಧವೆನ್ನುವ ದೇಶಗಳಲ್ಲಿ ಮೊದಲು ನೋಡಬೇಕಾದ್ದು ಶಿಕ್ಷೆಯ ಅವಧಿಯನ್ನಲ್ಲ, ಪ್ರಕರಣಕ್ಕೆ ಚಾಲನೆ ಕೊಡುವವರು ಯಾರು ಎಂಬುದನ್ನು.

ಥಾಯ್ಲೆಂಡ್‌ನ ದಂಡ ಸಂಹಿತೆಯ 112ನೇ ವಿಧಿಯಲ್ಲಿ ರಾಜನಿಂದೆಗೆ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು. ಅಲ್ಲಿ ದೂರನ್ನು ಯಾರು ಬೇಕಾದರೂ ಕೊಡಬಹುದು. 2005ರ ಹುಟ್ಟುಹಬ್ಬದ ಭಾಷಣದಲ್ಲಿ ದೊರೆ ಭೂಮಿಬಲ್ ಅವರೇ, ರಾಜನೂ ತಪ್ಪು ಮಾಡಬಹುದು, ಅವನನ್ನೂ ಟೀಕಿಸಬಹುದು ಎಂಬರ್ಥದ ಮಾತಾಡಿದರು. ದೂರುಗಳು ನಿಲ್ಲಲಿಲ್ಲ, ಮುಂದಿನ ವರ್ಷಗಳಲ್ಲಿ ಏರಿದವು. ದೂರು ಕೊಡುವವನಿಗೆ ರಾಜನ ಮನಸ್ಸು ನೋಯಿತೇ ಎಂಬುದು ಮುಖ್ಯವಾಗಿರುವುದಿಲ್ಲ. ತನ್ನ ನಿಷ್ಠೆಯನ್ನು ತೋರಿಸಲು, ಎದುರಾಳಿಯನ್ನು ಮಣಿಸಲು ಅವನಿಗೆ ಅದೊಂದು ಕೈಗೆಟಕುವ ಆಯುಧ. 2020ರ ಜೂನ್‌ನಲ್ಲಿ ಪ್ರಧಾನಿ ಪ್ರಯುತ್ ಅವರು, ಭೂಮಿಬಲ್ ಅವರ ನಂತರ ಬಂದ ದೊರೆಯ ಕರುಣೆಯಿಂದ ಈ ವಿಧಿಯನ್ನು ಬಳಸುತ್ತಿಲ್ಲ ಎಂದರು. ಅದೇ ನವೆಂಬರ್‌ನಲ್ಲಿ, ವಿದ್ಯಾರ್ಥಿಗಳ ಪ್ರತಿಭಟನೆ ಜೋರಾದಾಗ, ಎಲ್ಲ ಕಾನೂನುಗಳನ್ನೂ ಬಳಸುವುದಾಗಿ ಘೋಷಿಸಿದರು. ಅಲ್ಲಿಂದೀಚೆಗೆ 270ಕ್ಕೂ ಹೆಚ್ಚು ಜನರ ಮೇಲೆ 112ರಡಿ ಪ್ರಕರಣಗಳಾಗಿವೆ. 2024ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಫೇಸ್‌ಬುಕ್ ಬರಹಗಳಿಗಾಗಿ ಒಬ್ಬನಿಗೆ ಒಟ್ಟು 50 ವರ್ಷ ವಿಧಿಸಿತು. ಕಾನೂನನ್ನು ಇದ್ದಲ್ಲೇ ಇರಿಸಿ ತೋರಿದ ಕರುಣೆ ಐದೇ ತಿಂಗಳಲ್ಲಿ ಮಾಯವಾಗಿತ್ತು.

ಇಂಡೊನೇಷ್ಯಾದ ದಾರಿ ಬೇರೆ. ಅಧ್ಯಕ್ಷರ ನಿಂದನೆಯ ವಿಧಿಗಳನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2006ರಲ್ಲಿ ರದ್ದು ಮಾಡಿತ್ತು. 2022ರ ಡಿಸೆಂಬರ್‌ನಲ್ಲಿ ಒಪ್ಪಿದ ಹೊಸ ದಂಡ ಸಂಹಿತೆ ಅದನ್ನು ಮರಳಿ ತಂದಿತು. ಗರಿಷ್ಠ 3 ವರ್ಷ. ಆದರೆ ಅಧ್ಯಕ್ಷರೋ ಉಪಾಧ್ಯಕ್ಷರೋ ಸ್ವತಃ ಲಿಖಿತ ದೂರು ಕೊಟ್ಟರೆ ಮಾತ್ರ. ಈ ಕಾನೂನನ್ನು ನಾವು ಒಪ್ಪುವುದಿಲ್ಲ. ಆದರೂ ಕೆಟ್ಟದ್ದರಲ್ಲಿ ಇದು ವಾಸಿ. ಅಭಿಮಾನಿಗಳ ಹೆಸರಿನ ದೂರು ಇಲ್ಲಿ ನಡೆಯುವುದಿಲ್ಲ. ಒಬ್ಬ ವಿದ್ಯಾರ್ಥಿ ಜೈಲಿಗೆ ಹೋದರೆ ಅದು ಯಾರ ಸಹಿಯಿಂದ ಎಂಬುದು ಎಲ್ಲರಿಗೂ ಕಾಣುತ್ತದೆ.

ಕೀಲಿಯನ್ನು ಸರ್ಕಾರದ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಜರ್ಮನಿ 2016ರಲ್ಲಿ ಕಂಡಿತು. ಟಿವಿ ವಿಡಂಬನಕಾರ ಯಾನ್ ಬೋಮರ್‌ಮಾನ್ ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಅವರನ್ನು ಅಶ್ಲೀಲವಾಗಿ ಹಂಗಿಸುವ ಪದ್ಯ ಓದಿದರು. ವಿದೇಶಿ ರಾಷ್ಟ್ರಮುಖ್ಯಸ್ಥರ ನಿಂದನೆಯ 103ನೇ ವಿಧಿಯಡಿ ಪ್ರಕರಣ ನಡೆಸಲು ಸರ್ಕಾರದ ಒಪ್ಪಿಗೆ ಬೇಕಿತ್ತು. ಒಪ್ಪಿದರೆ ಟರ್ಕಿಗೆ ಮಣಿದಂತೆ, ನಿರಾಕರಿಸಿದರೆ ಹಗೆ ಕಟ್ಟಿಕೊಂಡಂತೆ. ಚಾನ್ಸಲರ್ ಮರ್ಕೆಲ್ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟರು, ಜೊತೆಯಲ್ಲೇ ಆ ವಿಧಿಯನ್ನು ತೆಗೆದುಹಾಕುವುದಾಗಿಯೂ ಹೇಳಿದರು. ಅಕ್ಟೋಬರ್‌ನಲ್ಲಿ ಅಭಿಯೋಜಕರು ತನಿಖೆ ಕೈಬಿಟ್ಟರು. 2018ರ ಜನವರಿ 1ರಿಂದ ಆ ವಿಧಿಯೇ ಇಲ್ಲ.

ಫ್ರಾನ್ಸ್ ಇನ್ನೂ ಚಿಕ್ಕ ಶಿಕ್ಷೆಯೊಂದರಿಂದ ಪಾಠ ಕಲಿಯಿತು. 2008ರಲ್ಲಿ ಅಧ್ಯಕ್ಷ ಸರ್ಕೋಜಿ ತಮ್ಮ ಕೈ ಕುಲುಕಲು ಒಪ್ಪದ ಒಬ್ಬನನ್ನು ಒರಟಾಗಿ ಬೈದಿದ್ದರು. ಅದೇ ವರ್ಷ ಲಾವಾಲ್ ಪಟ್ಟಣದಲ್ಲಿ ಒಬ್ಬಾತ ಅಧ್ಯಕ್ಷರ ಆ ಮಾತನ್ನೇ ಫಲಕದ ಮೇಲೆ ಬರೆದು ಅವರಿಗೇ ಹಿಡಿದ. ಅಧ್ಯಕ್ಷರ ನಿಂದನೆಗಾಗಿ ಬಿದ್ದ ದಂಡ 30 ಯೂರೊ, ಅದೂ ಅಮಾನತಿನಲ್ಲಿ. ಇದಕ್ಕಿಂತ ದಯೆಯ ಶಿಕ್ಷೆ ಇನ್ನೇನು ಬೇಕು ಎನ್ನಿಸಬಹುದು. ಆದರೆ 2013ರ ಮಾರ್ಚ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು. ಮೊತ್ತ ಎಷ್ಟೇ ಸಣ್ಣದಿರಲಿ, ಕ್ರಿಮಿನಲ್ ಶಿಕ್ಷೆ ಮುಂದಿನ ವಿಡಂಬನಕಾರನ ನಾಲಿಗೆ ಕಟ್ಟುತ್ತದೆ ಎಂಬುದು ಅದರ ತರ್ಕ. ಆಗಸ್ಟ್‌ನಲ್ಲಿ ಫ್ರಾನ್ಸ್ ಆ ಅಪರಾಧವನ್ನೇ ಕಾನೂನಿನಿಂದ ತೆಗೆಯಿತು. ಶಿಕ್ಷಿಸುವ ಕೀಲಿಯನ್ನೇ ಎಸೆದ ಮೇಲೆ ಯಾರನ್ನು ಕ್ಷಮಿಸಬೇಕೆಂಬ ಪ್ರಶ್ನೆಯೂ ಉಳಿಯಲಿಲ್ಲ. ಇದೇ ನಾವು ಒಪ್ಪುವ ದಾರಿ.

ಕ್ಷಮೆಯ ಬೆಲೆ

ಎಲ್ಲ ದೇಶಗಳೂ ಕಾನೂನನ್ನು ತೆಗೆದಿಲ್ಲ. ಇರುವ ಕಡೆ ಕ್ಷಮೆ ಹೇಗೆ ಕೆಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಒಂದು, ಅದು ತೀರ್ಪಿನ ನಂತರ ಬರುತ್ತದೆ. ಥಾಯ್ಲೆಂಡ್‌ನಲ್ಲಿ ರಾಜನ ಕ್ಷಮಾದಾನ ಕೇಳಬೇಕಾದರೆ ಪ್ರಕರಣ ಅಂತಿಮವಾಗಿರಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಆಗದು. ತಪ್ಪೊಪ್ಪಿಕೊಂಡರೆ ಶಿಕ್ಷೆ ಸಾಮಾನ್ಯವಾಗಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಜಾಮೀನು ಸಿಗದೆ ಒಳಗಿರುವ ಆರೋಪಿ ಲೆಕ್ಕ ಹಾಕುತ್ತಾನೆ: ನಿರಪರಾಧಿ ಎಂದು ಹೋರಾಡುತ್ತಾ ವರ್ಷಗಟ್ಟಲೆ ಕೊಳೆಯುವುದೋ, ತಪ್ಪೊಪ್ಪಿ, ಮೇಲ್ಮನವಿ ಬಿಟ್ಟು, ಕ್ಷಮೆ ಬೇಡಿ ಬೇಗ ಹೊರಬರುವುದೋ? ರಾಜನ ಚಿತ್ರಗಳಿಗೆ ಬಣ್ಣ ಎರಚಿದ ಸ್ವಿಸ್ ಪ್ರಜೆಯೊಬ್ಬನಿಗೆ 2007ರ ಮಾರ್ಚ್‌ನಲ್ಲಿ 10 ವರ್ಷ ಶಿಕ್ಷೆಯಾಯಿತು. ತಪ್ಪೊಪ್ಪಿಕೊಂಡಿದ್ದ ಅವನಿಗೆ ಏಪ್ರಿಲ್‌ನಲ್ಲೇ ಕ್ಷಮಾದಾನ ಸಿಕ್ಕಿತು, ಗಡಿಪಾರಾದ. ಹೋರಾಡಲು ನಿಂತ ಸ್ಥಳೀಯರಿಗೆ ಅಷ್ಟು ಬೇಗ ಬಾಗಿಲು ತೆರೆಯುವುದಿಲ್ಲ. ಇಲ್ಲಿ ಕ್ಷಮೆಯೇ ನ್ಯಾಯವಿಚಾರಣೆಯ ಹಕ್ಕನ್ನು ತಿಂದುಹಾಕುತ್ತದೆ.

ಇನ್ನೊಂದು, ಕ್ಷಮೆ ಹಳೆಯದಕ್ಕೆ ಮಾತ್ರ, ಮುಂದಿನದಕ್ಕಲ್ಲ. 2016ರ ಜುಲೈನಲ್ಲಿ, ಸೇನಾ ದಂಗೆಯ ಯತ್ನ ವಿಫಲವಾದ ಬಳಿಕ, ಎರ್ಡೊಗಾನ್ ತಮ್ಮ ಮೇಲಿನ ನಿಂದನೆಯ ಮೊಕದ್ದಮೆಗಳನ್ನೆಲ್ಲ ಒಮ್ಮೆಗೆ ಹಿಂಪಡೆಯುವುದಾಗಿ ಹೇಳಿದರು. ಟರ್ಕಿಯ 299ನೇ ವಿಧಿ ಹಾಗೇ ಉಳಿಯಿತು, 1ರಿಂದ 4 ವರ್ಷದ ಶಿಕ್ಷೆಯೊಂದಿಗೆ. ಹೊಸ ಪ್ರಕರಣಗಳು ಬರುತ್ತಲೇ ಇದ್ದವು. ಫೇಸ್‌ಬುಕ್‌ನ ಎರಡು ಪೋಸ್ಟ್‌ಗಳಿಗಾಗಿ ಒಬ್ಬಾತ ಎರಡು ತಿಂಗಳು ಬಂಧನದಲ್ಲಿದ್ದು, ಕೊನೆಗೆ 11 ತಿಂಗಳು 20 ದಿನದ ಶಿಕ್ಷೆಗೊಳಗಾದ. ಅದನ್ನೂ ಐದು ವರ್ಷ ತಡೆಹಿಡಿಯಲಾಯಿತು. ಮೇಲ್ನೋಟಕ್ಕೆ ಇದೂ ದಯೆಯೇ. ಆದರೆ ಐದು ವರ್ಷ ಬಾಯಿ ತೆರೆದರೆ ಹಳೆಯ ಶಿಕ್ಷೆ ಮೈಮೇಲೆ ಬೀಳುತ್ತದೆ. ಬಾಯಿ ಮುಚ್ಚಿಸಲು ಜೈಲಿಗಿಂತ ಇದು ಅಗ್ಗದ ಉಪಾಯ. 2021ರ ಅಕ್ಟೋಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನು ಉಲ್ಲಂಘನೆಯೆಂದು ಹೇಳಿ ಆ ವಿಧಿಯನ್ನೇ ತಿದ್ದಬೇಕೆಂದಿತು. ರಾಷ್ಟ್ರಮುಖ್ಯಸ್ಥನಿಗೆ ಸಾಮಾನ್ಯ ಪ್ರಜೆಗಿಲ್ಲದ ವಿಶೇಷ ರಕ್ಷಣೆ ಕೊಡುವುದೇ ಸಲ್ಲದು ಎಂಬುದು ಅದರ ನಿಲುವು.

ಮೂರನೆಯ ಕೇಡು ಷರತ್ತಿನದು: ಕ್ಯಾಮೆರಾ ಮುಂದೆ ನಿಂತು ಕ್ಷಮೆ ಕೇಳು, ಬಿಡುತ್ತೇವೆ. ರಷ್ಯಾದ ಚೆಚೆನ್ಯಾ ಪ್ರಾಂತದಲ್ಲಿ ಕದಿರೋವ್ ಆಡಳಿತದಡಿ ಇದೊಂದು ಪದ್ಧತಿಯೇ ಆಗಿದೆ. ದೂರು ಹೇಳಿಕೊಂಡವರು ಮರುದಿನ ತಲೆತಗ್ಗಿಸಿ ಕ್ಷಮೆ ಕೋರುವ ವಿಡಿಯೊ ಹರಿದಾಡುತ್ತದೆ. ಒತ್ತಾಯದ ಕ್ಷಮಾಪಣೆ ಯಾರ ಗೌರವವನ್ನೂ ಮರಳಿಸುವುದಿಲ್ಲ. ಬೈದವನ ಸಿಟ್ಟಿನ ಕಾರಣ ಹಾಗೇ ಉಳಿದು, ಅದರ ಮೇಲೆ ಅವಮಾನ ಒಂದು ಸೇರುತ್ತದೆ.

ಕ್ಷಮಿಸುವವನ ಪಕ್ಷಪಾತವನ್ನೂ ಗಮನಿಸಬೇಕು. ಅಮೆರಿಕದ 1798ರ ದೇಶದ್ರೋಹ ಕಾಯ್ದೆಯಡಿ ಅಧ್ಯಕ್ಷ ಆಡಮ್ಸ್ ಅವರನ್ನು ಟೀಕಿಸಿದ ಸಂಸದ ಮ್ಯಾಥ್ಯೂ ಲಯನ್‌ಗೆ ನಾಲ್ಕು ತಿಂಗಳ ಜೈಲು, 1,000 ಡಾಲರ್ ದಂಡ ಬಿತ್ತು. ವರ್ಮಾಂಟ್‌ನ ಮತದಾರರು ಅವನನ್ನು ಜೈಲಿನಲ್ಲಿರುವಾಗಲೇ ಮತ್ತೆ ಗೆಲ್ಲಿಸಿದರು. 1801ರಲ್ಲಿ ಅಧ್ಯಕ್ಷರಾದ ಜೆಫರ್ಸನ್ ಆ ಕಾಯ್ದೆಯಡಿ ಶಿಕ್ಷೆಗೊಳಗಾದವರನ್ನು ಕ್ಷಮಿಸಿದರು. ಎರಡೇ ವರ್ಷಕ್ಕೆ, ಟೀಕೆ ತಮ್ಮ ಕಡೆ ತಿರುಗಿದಾಗ, ರಾಜ್ಯಗಳ ಮಟ್ಟದಲ್ಲಿ ಆಯ್ದ ಕೆಲವು ಮೊಕದ್ದಮೆ ನಡೆದರೆ ಒಳ್ಳೆಯದೆಂದು ಅವರೇ ಪತ್ರ ಬರೆದರು. ಎದುರಾಳಿಯನ್ನು ಬೈದವನನ್ನು ಕ್ಷಮಿಸುವುದು ಯಾರಿಗೂ ಕಷ್ಟವಲ್ಲ.

ಯಾವುದು ನಾಯಕನ ಕ್ಷಮೆಗೆ ಸೇರಿದ್ದು, ಯಾವುದು ಅಲ್ಲ

ವನಪರ್ವದಲ್ಲಿ ದ್ರೌಪದಿ ಯುಧಿಷ್ಠಿರನಿಗೆ ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ ಮಾತನ್ನು ನೆನಪಿಸುತ್ತಾಳೆ. ಸದಾ ಉಗ್ರತೆಯೂ ಒಳ್ಳೆಯದಲ್ಲ, ಸದಾ ಕ್ಷಮೆಯೂ ಒಳ್ಳೆಯದಲ್ಲ. ಹಿಂದೆ ಉಪಕಾರ ಮಾಡಿದವನ ತಪ್ಪನ್ನು, ಅರಿಯದೆ ಮಾಡಿದ ತಪ್ಪನ್ನು, ಯಾರದೇ ಆದರೂ ಮೊದಲ ತಪ್ಪನ್ನು ಮನ್ನಿಸಬೇಕು. ದೇಶಕಾಲ ನೋಡಬೇಕು. ಜನರಿಗೆ ಅಂಜಿಯಾದರೂ ಕೆಲವೊಮ್ಮೆ ಕ್ಷಮಿಸಬೇಕು. ಎಂಥ ಲೌಕಿಕ ವಿವೇಕ! ಆದರೆ ಈ ಪಟ್ಟಿಯಲ್ಲಿ ನೊಂದವನೂ ತೂಗುವವನೂ ಒಬ್ಬನೇ ದೊರೆ. ಇಂದು ನಾವು ಅವೆರಡನ್ನು ಬೇರ್ಪಡಿಸಬೇಕು: ತನಗಾದದ್ದನ್ನು ನಾಯಕ ಮನ್ನಿಸಲಿ, ಉಳಿದದ್ದನ್ನು ತೂಗುವುದು ಅವನ ಕೆಲಸವಲ್ಲ.

ಬರೀ ಮಾತು, ಅಣಕು ಶವಯಾತ್ರೆ, ಪ್ರತಿಕೃತಿ ದಹನ, ಭಾವಚಿತ್ರಕ್ಕೆ ಮಸಿ. ಇವೆಲ್ಲ ಪ್ರತಿಭಟನೆಯ ಭಾಷೆ. ಸ್ಪೇನ್‌ನಲ್ಲಿ 2007ರಲ್ಲಿ ದೊರೆಯ ಫೋಟೊವನ್ನು ತಲೆಕೆಳಗಾಗಿಸಿ ಸುಟ್ಟವರಿಗೆ 15 ತಿಂಗಳ ಜೈಲಿನ ಬದಲು ತಲಾ 2,700 ಯೂರೊ ದಂಡ ಹಾಕಲಾಗಿತ್ತು. 2018ರಲ್ಲಿ ಯುರೋಪಿನ ನ್ಯಾಯಾಲಯ ಅದು ದ್ವೇಷಕ್ಕೆ ಕುಮ್ಮಕ್ಕಲ್ಲ, ರಾಜಪ್ರಭುತ್ವದ ಸಾಂಕೇತಿಕ ಟೀಕೆ ಎಂದಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರ ತನ್ನ 34ನೇ ಸಾಮಾನ್ಯ ವ್ಯಾಖ್ಯಾನದಲ್ಲಿ, ರಾಷ್ಟ್ರಮುಖ್ಯಸ್ಥರೂ ಸೇರಿ ಎಲ್ಲ ಸಾರ್ವಜನಿಕ ವ್ಯಕ್ತಿಗಳು ಟೀಕೆಗೆ ಒಳಪಟ್ಟವರೇ, ಮಾನಹಾನಿಗೆ ಜೈಲು ಎಂದಿಗೂ ತಕ್ಕ ಶಿಕ್ಷೆಯಲ್ಲ ಎಂದು ಸ್ಪಷ್ಟವಾಗಿ ಬರೆದಿದೆ.

ಬೆದರಿಕೆ ಬೇರೆ. ಇಲ್ಲೂ ತೂಗಿ ನೋಡುವ ಕ್ರಮವಿದೆ. 1966ರಲ್ಲಿ ವಾಷಿಂಗ್ಟನ್‌ನ ಸಭೆಯೊಂದರಲ್ಲಿ 18ರ ಯುವಕನೊಬ್ಬ, ನನ್ನ ಕೈಗೆ ಬಂದೂಕು ಕೊಟ್ಟರೆ ಮೊದಲು ಗುರಿಯಿಡುವುದು ಅಧ್ಯಕ್ಷ ಜಾನ್ಸನ್‌ಗೆ ಎಂಬರ್ಥದ ಮಾತಾಡಿದ. ಕೆಳಗಿನ ನ್ಯಾಯಾಲಯ ಶಿಕ್ಷಿಸಿತು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೂರು ಸಂಗತಿ ನೋಡಿತು: ಮಾತು ನಡೆದದ್ದು ರಾಜಕೀಯ ಚರ್ಚೆಯಲ್ಲಿ, ಅದರಲ್ಲಿ ಒಂದು ‘ರೆ’ ಇತ್ತು, ಕೇಳಿದವರು ನಕ್ಕರು. ಇದು ಉತ್ಪ್ರೇಕ್ಷೆ, ನಿಜವಾದ ಬೆದರಿಕೆಯಲ್ಲ ಎಂದು ಬಿಡುಗಡೆಯಾಯಿತು. ಸಂದರ್ಭ, ಷರತ್ತು, ಕೇಳುಗರ ಪ್ರತಿಕ್ರಿಯೆ ಎಂಬ ಈ ಮೂರನ್ನು ಯಾವ ಠಾಣೆಯ ಅಧಿಕಾರಿಯಾದರೂ ಅರ್ಧ ಗಂಟೆಯಲ್ಲಿ ಬರೆದಿಡಬಹುದು. ಬಹಳಷ್ಟು ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ.

ಶೂ, ಮೊಟ್ಟೆ, ಮಸಿ ನಡುವಿನ ಗೆರೆಯಲ್ಲಿವೆ. ಮೈ ಮುಟ್ಟಿದರೆ ಅದು ಹಲ್ಲೆಯೇ, ಗಾಯವಾಗದಿದ್ದರೂ. 2009ರ ಏಪ್ರಿಲ್‌ನಲ್ಲಿ ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಶೂ ಎಸೆದ ಪತ್ರಕರ್ತನನ್ನು ಗೃಹ ಸಚಿವ ಚಿದಂಬರಂ ಕೂಡಲೇ ಕ್ಷಮಿಸಿದರು, ಮೊಕದ್ದಮೆ ಆಗಲಿಲ್ಲ. ಬಾಗ್ದಾದಿನಲ್ಲಿ ಬುಷ್ ಮೇಲೆ ಶೂ ಎಸೆದ ಪತ್ರಕರ್ತನಿಗೆ 3 ವರ್ಷ ಶಿಕ್ಷೆಯಾಗಿ, ಮೇಲ್ಮನವಿಯಲ್ಲಿ 1 ವರ್ಷಕ್ಕಿಳಿಯಿತು, ಒಂಬತ್ತು ತಿಂಗಳಿಗೆ ಬಿಡುಗಡೆಯಾದ. ಮೊದಲನೆಯದು ನ್ಯಾಯಾಲಯದ ಮೆಟ್ಟಿಲೇರಲಿಲ್ಲ. ಎರಡನೆಯದು ಆ ಪತ್ರಕರ್ತನನ್ನು ಅರಬ್ ಜಗತ್ತಿನ ವೀರನನ್ನಾಗಿಸಿತು.

ನಾಯಕನ ಜಾಗದಲ್ಲಿ ಸಂಸ್ಥೆಯಿದ್ದರೆ? 2025ರ ಅಕ್ಟೋಬರ್ 6ರಂದು ಭಾರತದ ಸುಪ್ರೀಂ ಕೋರ್ಟ್‌ನಲ್ಲೇ ವಕೀಲನೊಬ್ಬ ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರತ್ತ ಶೂ ಎಸೆಯಲು ಯತ್ನಿಸಿದ. ಗವಾಯಿ ವಿಚಲಿತರಾಗದೆ ಕಲಾಪ ಮುಂದುವರಿಸಿದರು, ದೂರು ಬೇಡವೆಂದರು, ಪೊಲೀಸರು ಅವನನ್ನು ಬಿಟ್ಟು ಕಳಿಸಿದರು. ಬಾರ್ ಕೌನ್ಸಿಲ್ ಅಂದೇ ಅವನ ಸನ್ನದನ್ನು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿಟ್ಟಿತು. ನ್ಯಾಯಾಂಗ ನಿಂದನೆಗೆ ಅಟಾರ್ನಿ ಜನರಲ್ ಒಪ್ಪಿಗೆ ನೀಡಿದರೂ, ಮುಖ್ಯ ನ್ಯಾಯಮೂರ್ತಿಯೇ ಕ್ಷಮಿಸಿರುವಾಗ ಮುಂದುವರಿಯಲು ಪೀಠ ಒಲವು ತೋರಲಿಲ್ಲ. ಆ ಅವಮಾನ ಗವಾಯಿ ಒಬ್ಬರದಲ್ಲ, ಪೀಠದ್ದು, ಅವರು ಸೇರಿದ ದಲಿತ ಸಮುದಾಯದ್ದು. ಅವರೊಬ್ಬರೇ ಮನ್ನಿಸಲು ಬರುವುದಿಲ್ಲ ಎಂಬ ವಾದಕ್ಕೆ ತೂಕವಿದೆ. ನಮ್ಮ ಎಣಿಕೆಯಲ್ಲಿ ಸನ್ನದಿನ ಕ್ರಮ ಸರಿ, ಏಕೆಂದರೆ ಅದು ವೃತ್ತಿಯ ಶಿಸ್ತು. ಜೈಲು ಬೇಡವಾಗಿತ್ತು, ಹಾಗೇ ಆಯಿತು.

ಇದೇ ತರ್ಕದಿಂದ, ಕಲ್ಲೇಟು ತಿಂದ ಪೇದೆಯ ಪರವಾಗಿ ಮುಖ್ಯಮಂತ್ರಿ ಕ್ಷಮಿಸಲು ಬರುವುದಿಲ್ಲ. ಸುಟ್ಟ ಅಂಗಡಿಯ ನಷ್ಟ ಅಂಗಡಿಯವನದು. ಜಾತಿ, ಧರ್ಮವನ್ನು ಹಿಡಿದು ಬೈದದ್ದು ಇಡೀ ಸಮುದಾಯಕ್ಕೆ ತಾಗುತ್ತದೆ. ಮಹಿಳಾ ನಾಯಕಿಯರಿಗೆ ಬರುವ ಅತ್ಯಾಚಾರದ ಬೆದರಿಕೆ, ತಿರುಚಿದ ಚಿತ್ರಗಳನ್ನು ‘ಟೀಕೆ ಸಹಿಸಬೇಕು’ ಎಂಬ ಮಾತಿನಡಿ ಸೇರಿಸುವುದು ಅನ್ಯಾಯ. ಯಾವುದೇ ಹೆಣ್ಣಿಗೆ ಸಿಗುವ ಕಾನೂನಿನ ರಕ್ಷಣೆ ಆಕೆಗೂ ಸಿಗಬೇಕು, ಅದಕ್ಕಿಂತ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ.

ಭಾರತದಲ್ಲಿ ಕಡತ ಹೇಗೆ ಸಾಗುತ್ತದೆ

ಇಲ್ಲಿ ಮಾನನಷ್ಟ ಮತ್ತು ಬರೀ ನಿಂದನೆ ಸಾಮಾನ್ಯವಾಗಿ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧಗಳಲ್ಲ. ಅದಕ್ಕೇ ದೂರುದಾರರು ಬೈಗುಳಕ್ಕೆ ಬೇರೆ ವೇಷ ತೊಡಿಸುತ್ತಾರೆ. ಗುಂಪುಗಳ ನಡುವೆ ವೈರ ಹುಟ್ಟಿಸುವ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 196, ಸಾರ್ವಜನಿಕ ಕಿಡಿಗೇಡಿತನದ 353(2) ಸೇರಿಸಿದರೆ ಎಫ್‌ಐಆರ್ ತಾನಾಗಿ ಬರುತ್ತದೆ. ಒಂದೇ ವಿಡಿಯೊಗೆ ಬೇರೆ ಬೇರೆ ಜಿಲ್ಲೆಗಳಲ್ಲಿ ದೂರು ಬಿದ್ದರೆ ಆರೋಪಿಯ ಅಲೆದಾಟವೇ ಶಿಕ್ಷೆ. ಅಪರಾಧ ವಿಚಾರಣೆಯ ಕ್ರಮವನ್ನು ಹೇಳುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(3)ರಲ್ಲಿ, 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಡಿವೈಎಸ್‌ಪಿ ಅನುಮತಿಯೊಂದಿಗೆ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ. ಮಾತಿಗೆ ಸಂಬಂಧಿಸಿದ ದೂರುಗಳಲ್ಲಿ ಇದನ್ನು ಬಳಸುವುದೇ ಸರಿ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರ ತೀರ್ಪಿನಲ್ಲಿ ಹೇಳಿದೆ.

ಸಚಿವರ ಸಾರ್ವಜನಿಕ ಕೆಲಸದ ಬಗೆಗಿನ ಮಾನಹಾನಿಗೆ ಸರ್ಕಾರದ ಅನುಮತಿ ಪಡೆದು ಸರ್ಕಾರಿ ಅಭಿಯೋಜಕರೇ ಸೆಷನ್ಸ್ ನ್ಯಾಯಾಲಯಕ್ಕೆ ದೂರು ಕೊಡುವ ಇನ್ನೊಂದು ದಾರಿಯಿದೆ. ಜನರ ತೆರಿಗೆಯಲ್ಲಿ ನಾಯಕನ ಮಾನ ಕಾಯುವ ಈ ಏರ್ಪಾಟು ಹೇಗೆ ದುರ್ಬಳಕೆಯಾಗುತ್ತದೆ ಎಂಬುದಕ್ಕೆ ಜಯಲಲಿತಾ ಕಾಲದ ತಮಿಳುನಾಡು ಸಾಕ್ಷಿ. 200ಕ್ಕೂ ಹೆಚ್ಚು ಮೊಕದ್ದಮೆ ಹೂಡಿದ್ದ ಸರ್ಕಾರಕ್ಕೆ, ಸಾರ್ವಜನಿಕ ವ್ಯಕ್ತಿ ಟೀಕೆ ಎದುರಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಹೀಗಿರುವಾಗ ವೇದಿಕೆಯ ಮೇಲೆ ‘ನಾನು ಕ್ಷಮಿಸಿದ್ದೇನೆ’ ಎಂದರೆ ಕಡತ ಒಂದಿಂಚೂ ಕದಲದು. ಮೊದಲ ದಿನವೇ ನಾಯಕ ತನ್ನವರಿಗೆ ಹೆಸರೆತ್ತಿ ಹೇಳಬೇಕು: ನನ್ನ ಪರವಾಗಿ ಯಾರೂ ದೂರು ಕೊಡಬೇಡಿ, ಕೊಟ್ಟವರು ಮುಂದುವರಿಸಬೇಡಿ. ಇಂಥ ಹೊತ್ತಿನಲ್ಲಿ ಅವನ ಮೌನವನ್ನು ಬೆಂಬಲಿಗರು ಅಪ್ಪಣೆ ಎಂದೇ ಓದುತ್ತಾರೆ. ಎಫ್‌ಐಆರ್ ಆಗಿಬಿಟ್ಟಿದ್ದರೆ ಲಿಖಿತ ಹೇಳಿಕೆ ತನಿಖಾಧಿಕಾರಿಗೆ ಹೋಗಬೇಕು. ಮಾನನಷ್ಟವಾದರೆ ಬಿಎನ್‌ಎಸ್‌ಎಸ್ 359ರಡಿ ನೊಂದವನೇ ರಾಜಿ ಮಾಡಿಕೊಳ್ಳಬಹುದು. ಅಭಿಯೋಜಕರು ಹೂಡಿದ್ದಾದರೆ ನ್ಯಾಯಾಲಯದ ಅನುಮತಿ ಬೇಕು. ರಾಜಿಗೆ ಅವಕಾಶವಿಲ್ಲದ ಅಪರಾಧಗಳಿಗೆ 360ರಡಿ ಅಭಿಯೋಜಕರು ಮೊಕದ್ದಮೆ ಹಿಂಪಡೆಯಬೇಕು, ನ್ಯಾಯಾಲಯ ಒಪ್ಪಬೇಕು. ಸರ್ಕಾರದ ಆದೇಶವೊಂದೇ ಸಾಲದು. ಹೊಸ ಸಂಹಿತೆಯ ಪ್ರಕಾರ ಹಿಂಪಡೆಯುವ ಮುನ್ನ ಸಂತ್ರಸ್ತರ ಮಾತನ್ನೂ ಕೇಳಬೇಕು. ಕ್ಷಮಿಸಿದ್ದೇನೆಂದು ನಾಯಕ ಕೊಡುವ ಪ್ರಮಾಣಪತ್ರಕ್ಕೆ (ಅಫಿಡವಿಟ್) ನಿಜವಾದ ಬೆಲೆ ಬರುವುದು ಇಲ್ಲಿ.

ಪ್ರಮಾಣಪತ್ರದಲ್ಲಿ ಪ್ರಕರಣದ ಸಂಖ್ಯೆ, ಠಾಣೆ, ಕಲಂಗಳೆಲ್ಲ ಇರಲಿ, ಒಂದು ಬಿಟ್ಟುಹೋದರೂ ಆ ಕಲಂ ಉಳಿದುಕೊಳ್ಳುತ್ತದೆ. ಕ್ಷಮಾಪಣೆಯ ಷರತ್ತು ಬೇಡ. ಹಲ್ಲೆ, ಆಸ್ತಿ ನಷ್ಟದ ಆರೋಪಗಳಿದ್ದರೆ ಅವು ಇದರಲ್ಲಿ ಸೇರಿಲ್ಲವೆಂದು ಸ್ಪಷ್ಟವಾಗಿ ಬರೆಯಲಿ. ಆರೋಪಿಯ ಕಾಲೇಜು, ಕಚೇರಿ, ಬಾಡಿಗೆ ಮನೆ, ಪಾಸ್‌ಪೋರ್ಟ್ ಪರಿಶೀಲನೆಯ ಮೇಲೆ ಯಾವ ಕ್ರಮವೂ ಆಗಬಾರದೆಂದು ಸಂಬಂಧಪಟ್ಟ ಅಧಿಕಾರಿಗಳಿಗೆ ಪ್ರತ್ಯೇಕ ಪತ್ರ ಹೋಗಲಿ. ಮೊಕದ್ದಮೆ ಮುಗಿದ ಮೇಲೂ ಹುಡುಗರ ಬದುಕು ಸಿಕ್ಕಿಬೀಳುವುದು ಅಲ್ಲೇ. ಆ ಪತ್ರಗಳ ಒಂದೊಂದು ನಕಲು ಆರೋಪಿಯ ಕೈಗೂ ಸೇರಲಿ. ಎರಡು ವರ್ಷದ ನಂತರ ಪೊಲೀಸ್ ಪರಿಶೀಲನೆಯಲ್ಲಿ ಹಳೆಯ ಎಫ್‌ಐಆರ್ ತಲೆಯೆತ್ತಿದಾಗ ತೋರಿಸಲು ಅವನ ಬಳಿ ಇರುವುದು ಅದೊಂದೇ ಕಾಗದ.